ಗಾಜಿನ ಪೆಟ್ಟಿಗೆಯ ಹನ್ನೊಂದು ರಾಣಿಯರು

ಬೆಳಿಗ್ಗೆ ಏಳೂಕಾಲಿಗೆ ಸಿರಿಲ್ ಪೊತೋಕರ್ ಮ್ಯೂಸಿಯಂನ ಗಾಜಿನ ಜೇನುಪೆಟ್ಟಿಗೆಗೆ ಮೂಗು ತಾಗಿಸಿ ನೋಡಿದ. ರಾಣಿ ಇರಲಿಲ್ಲ.

ಎಡಗಡೆಯಿಂದ ನೋಡಿದ, ಬಲಗಡೆಯಿಂದ ನೋಡಿದ, ಮಂಡಿಯೂರಿ ಕೆಳಗಿನಿಂದಲೂ ನೋಡಿದ. ಎರಡು ಗಾಜುಗಳ ನಡುವೆ ಇದ್ದದ್ದು ಒಂದೇ ಒಂದು ಜೇನೆರಿ. ಅದರ ಮೇಲೆ ಮೂರು ಸಾವಿರ ಹುಳುಗಳು ಸಂತೆಯ ಜನರ ಹಾಗೆ ಒಂದನ್ನೊಂದು ತಳ್ಳಿಕೊಂಡು ಓಡಾಡುತ್ತಿದ್ದವು. ಬೆನ್ನ ಮೇಲೆ ನೀಲಿ ಚುಕ್ಕೆ ಇರುವ ಹುಳು ಮಾತ್ರ ಕಾಣಲಿಲ್ಲ. ರಾಣಿಯ ಬೆನ್ನಿಗೆ ಬಣ್ಣದ ಚುಕ್ಕೆ ಇಡುವುದು ಜೇನು ಸಾಕುವವರ ಪದ್ಧತಿ. ಹುಟ್ಟಿದ ವರ್ಷಕ್ಕೊಂದು ಬಣ್ಣ. ಈ ರಾಣಿಯದು ನೀಲಿ. ಚುಕ್ಕೆ ಇಲ್ಲದೆಯೂ ರಾಣಿಯನ್ನು ಗುರುತು ಹಿಡಿಯುವವರು ನಮ್ಮ ಲಿಪ್ನಿಕ್ ಊರಿನಲ್ಲಿ ಮನೆಗೆ ಮೂವರು ಸಿಗುತ್ತಾರೆ. ಸಿರಿಲ್ ಆ ಪೈಕಿ ಅಲ್ಲ. ಹನ್ನೊಂದು ವರ್ಷದಿಂದ ಜೇನು ಮ್ಯೂಸಿಯಂ ನೋಡಿಕೊಂಡಿದ್ದರೂ ಅವನಿಗೆ ಗೊತ್ತಿದ್ದದ್ದು ಚುಕ್ಕೆ ಒಂದೇ.

ಹಾಗಂತ ಅವನು ದಡ್ಡನಲ್ಲ. ಹಿಂದೆ ಜೇನುಪೆಟ್ಟಿಗೆಗಳ ಮುಂಭಾಗಕ್ಕೆ ಹಾಕುತ್ತಿದ್ದ, ಈಗ ಗೋಡೆಗೆ ತೂಗುಹಾಕಿದ ಚಿತ್ರದ ಹಲಗೆಗಳ ಬಗ್ಗೆ ಕೇಳಿ, ಬಾಯಿತುಂಬ ಹೇಳುತ್ತಾನೆ. ಬೇಟೆಗಾರನ ಹೆಣವನ್ನು ಕರಡಿ ಮೊಲಗಳು ಹೊತ್ತೊಯ್ಯುವ ಹಲಗೆ ಯಾರ ಮನೆಯದು, ಚಾಡಿಕೋರ ಹೆಂಗಸಿನ ನಾಲಿಗೆಯನ್ನು ದೆವ್ವ ಸಾಣೆಗೆ ಹಿಡಿದಿರುವ ಹಲಗೆಗೆ ಯಾವ ಬಣ್ಣ ಬಳಿದಿದ್ದಾರೆ, ಎಲ್ಲ ಅವನ ನಾಲಿಗೆಯ ತುದಿಯಲ್ಲೇ ಇದೆ. ಅವುಗಳ ಧೂಳನ್ನು ಮಗುವಿನ ಮುಖ ಒರೆಸಿದಷ್ಟು ಮೆತ್ತಗೆ ಒರೆಸುತ್ತಾನೆ. ಆದರೆ ಜೀವಂತ ಹುಳು ಕಂಡರೆ ಅವನಿಗೆ ನಡುಕ. ಇಡೀ ಊರಿನಲ್ಲಿ ಹಿತ್ತಲಿನಲ್ಲಿ ಜೇನು ಇಲ್ಲದ ಗಂಡಸು ಅವನೊಬ್ಬನೇ.

ಅವತ್ತು ಮ್ಯೂಸಿಯಂನಲ್ಲಿ ವಿಜ್ಞಾನ ದಿನ. ರಾಜಧಾನಿ ಲ್ಯುಬ್ಲ್ಯಾನಾದಿಂದ ಡಾಕ್ಟರ್ ಬ್ರೆದಾ ಹುದೋಲಿನ್ ಎಂಬ ಮ್ಯೂಸಿಯಂ ಇಲಾಖೆಯ ದೊಡ್ಡ ಅಧಿಕಾರಿ ಬರುವವರಿದ್ದರು. ದಿನದ ಮುಖ್ಯ ಆಕರ್ಷಣೆ "ರಾಣಿ ಎಲ್ಲಿ?" ಸ್ಪರ್ಧೆ. ಗಾಜಿನ ಪೆಟ್ಟಿಗೆಯಲ್ಲಿ ರಾಣಿಯನ್ನು ಹುಡುಕಿದ ಪ್ರತಿ ಮಗುವಿಗೂ ಒಂದು ಕೆಂಪು ಜೇನುಬಿಸ್ಕತ್ತು. ರಾಣಿಯೇ ಇಲ್ಲದ ಮೇಲೆ ಸ್ಪರ್ಧೆ ಎಲ್ಲಿಯದು?

ಹೋಗಲಿ, ಸ್ಪರ್ಧೆ ಹಾಳಾದರೆ ಅವನಿಗೇನು ಎನ್ನುವ ಹಾಗೂ ಇಲ್ಲ. ಸಿರಿಲ್‌ನ ಕೆಲಸ ತಾತ್ಕಾಲಿಕ. ಪ್ರತಿ ಜೂನ್ ತಿಂಗಳಲ್ಲಿ ಒಂದು ಕಾಗದ ಬರುತ್ತದೆ, ಇನ್ನೊಂದು ವರ್ಷ ಉಸಿರಾಡು ಎನ್ನುತ್ತದೆ. ಹನ್ನೊಂದು ಜೂನ್ ಹೀಗೇ ಕಳೆದಿತ್ತು. ಅವನ ಅತ್ತೆ ಪಾವ್ಲಾ ಪ್ರತಿ ಭಾನುವಾರ ಸೂಪಿನ ತಟ್ಟೆ ಮುಂದಿಟ್ಟು, "ಅಳಿಯಂದ್ರು ಇನ್ನೂ ತಾತ್ಕಾಲಿಕಾನೇ ಏನು?" ಎಂದು ಕೇಳದೆ ಚಮಚ ಕೈಗೆ ಕೊಡುತ್ತಿರಲಿಲ್ಲ. ಹಿಂದಿನ ದಿನ ಮ್ಯೂಸಿಯಂನ ಮುಖ್ಯಸ್ಥೆ ಮಾರ್ಜೆತಾ ಅವನನ್ನು ಕರೆದು ಹೇಳಿದ್ದರು: "ಸಿರಿಲ್, ನಾಳೆ ಎಲ್ಲಾ ಸರಿಯಾಗ್ ನಡೀಲಿ. ನಿನ್ ಕೆಲ್ಸ ಖಾಯಂ ಮಾಡಿ ಅಂತ ಡಾಕ್ಟರ್ ಹತ್ರ ನಾನೇ ಕೇಳ್ತೀನಿ. ಅವ್ರು ಮನಸ್ಸು ಮಾಡಿದ್ರೆ ಆಗೋಯ್ತು."

ಆ ರಾತ್ರಿ ಅವನು ಹೆಂಡತಿಗೂ ಹೇಳದೆ ಖುಷಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಮಲಗಿದ್ದ. ಈಗ ಮತ್ತೊಮ್ಮೆ ಗಾಜಿಗೆ ಮೂಗು ಒತ್ತಿ ಹುಡುಕಿದ.

ಅಷ್ಟರಲ್ಲಿ ಬೆಂಚು ಹೊತ್ತುಕೊಂಡು ವಿಂಕೋ ಬಂದ. ವಿಂಕೋ ನಿವೃತ್ತ ಅಂಚೆಯವ. ಎಪ್ಪತ್ತು ದಾಟಿದೆ, ಇಪ್ಪತ್ತೆರಡು ಪೆಟ್ಟಿಗೆ ಜೇನಿದೆ, ಊರಿನ ಯಾರ ವಿಷಯಕ್ಕಾದರೂ ತಲೆ ಹಾಕಲು ದಿನಪೂರ್ತಿ ಪುರುಸೊತ್ತಿದೆ.

"ಏನೋ ಸಿರಿಲ್, ಮುಖ ಹಿಂಗ್ಯಾಕಿದೆ? ನಿಮ್ಮತ್ತೆ ಬಂದಿದ್ರಾ?"

"ವಿಂಕೋಮಾವ, ಮೊದ್ಲು ಬಾಗ್ಲು ಹಾಕು. ರಾಣಿ ಇಲ್ಲ!"

ವಿಂಕೋ ಗಾಜಿಗೆ ಹಣೆ ತಾಗಿಸಿ ನೋಡಿದ. "ನಂಗೂ ಕಾಣ್ತಿಲ್ಲ. ಅಂದ್ರೆ, ಕನ್ನಡಕ ಮನೇಲಿದೆ."

"ನಿನ್ ಹತ್ರ ಇರೋ ಒಂದು ರಾಣೀನ ತಂದು ಬಿಡೋಣ್ವಾ?"

"ತಲೆ ಕೆಟ್ಟಿದ್ಯಾ ನಿಂಗೆ? ಗುರುತು ಪರಿಚಯ ಇಲ್ದಿರೋ ರಾಣೀನ ಹಂಗೇ ಬಿಟ್ರೆ ಎಲ್ಲಾ ಸೇರಿ ಮುತ್ತಿ ಸಾಯಿಸ್ತವೆ. ಮಕ್ಕಳ ಮುಂದೆ ಕೊಲೆ ಮಾಡ್ಸಿ ಬಿಸ್ಕತ್ ಹಂಚ್ತೀಯಾ?" ವಿಂಕೋ ಗಡ್ಡ ಕೆರೆದುಕೊಂಡ. "ಗಂಡು ಹುಳ ಆದ್ರೆ ಸರಿ. ಗಂಡು ಹುಳ ಯಾರ್ ಪೆಟ್ಗೆಗೆ ಹೋದ್ರೂ ಬಾಗ್ಲಲ್ಲಿ ತಡೆಯೋರಿಲ್ಲ. ಕೆಲ್ಸ ಮಾಡಲ್ಲ, ಕುಟುಕೋಕೆ ಮುಳ್ಳಿಲ್ಲ, ಹೋದ್ ಕಡೆ ಊಟ ಹೊಡ್ಕೊಂಡಿರತ್ತೆ."

"ನಮ್ಮತ್ತೆ ನನ್ ಬಗ್ಗೆನೂ ಇದನ್ನೇ ಹೇಳೋದು."

"ಬೆನ್ನಿಗೊಂದು ನೀಲಿ ಚುಕ್ಕೆ ಇಟ್ಬಿಡು. ನೋಡೋಕೂ ದಪ್ಪಗಿರತ್ತೆ. ಅವ್ರು ರಾಜಧಾನಿಯೋರು, ಪುಸ್ತಕ ಓದಿ ಡಾಕ್ಟರ್ ಆದೋರು. ನೀಲಿ ಕಂಡ್ರೆ ರಾಣಿ ಅಂತ ಬರ್ಕೊಂಡು ಹೋಗ್ತಾರೆ."

"ಮಕ್ಕಳಿಗೆ ಗೊತ್ತಾದ್ರೆ?"

"ಮಕ್ಕಳ ಬಾಯಿಗೆ ಬಿಸ್ಕತ್ ಇರತ್ತಲ್ಲೋ!"

ಹತ್ತು ನಿಮಿಷದಲ್ಲಿ ವಿಂಕೋ ಬೆಂಕಿಪೊಟ್ಟಣದಲ್ಲಿ ಒಂದು ಗಂಡು ಹುಳು ತಂದ. ಗಾಜಿನ ಪೆಟ್ಟಿಗೆಯಿಂದ ಒಂದು ಕೊಳವೆ ಗೋಡೆ ತೂರಿಕೊಂಡು ಹಿತ್ತಲಿಗೆ ಹೋಗುತ್ತದೆ. ಹುಳುಗಳು ಬಂದುಹೋಗುವುದು ಅಲ್ಲಿಂದಲೇ. ಇಬ್ಬರೂ ಅಲ್ಲಿಗೆ ಹೋದರು. ಸಿರಿಲ್ ಒಂದು ಕೈಯಲ್ಲಿ ನೀಲಿ ಪೆನ್ನು, ಇನ್ನೊಂದು ಕೈಯಲ್ಲಿ ಹುಳು ಹಿಡಿದು ಕಣ್ಣು ಮುಚ್ಚಿಕೊಂಡ. ಮೊದಲ ಚುಕ್ಕೆ ಅವನ ಹೆಬ್ಬೆರಳಿಗೆ ಬಿತ್ತು, ಎರಡನೆಯದು ವಿಂಕೋನ ಅಂಗಿಗೆ, ಮೂರನೆಯದು ದೇವರ ದಯೆಯಿಂದ ಹುಳುವಿಗೆ. ಗಂಡು ಹುಳು ತೂತಿನೊಳಗೆ ನುಸುಳಿ ಮಾವನ ಮನೆಗೆ ಬಂದವನ ಗತ್ತಿನಲ್ಲಿ ಒಳಗೆ ನಡೆಯಿತು.

"ನೋಡ್ದಾ? ಗಂಡು ಹುಳ ಏನೂ ಮಾಡಲ್ಲ," ಎಂದ ವಿಂಕೋ.

ಗಂಡು ಹುಳು ಏನೂ ಮಾಡಲಿಲ್ಲ, ನಿಜ. ಬಾಗಿಲು ಕಾಯುತ್ತಿದ್ದ ಹೆಣ್ಣು ಹುಳು ನೆಟ್ಟಗೆ ಹಾರಿ ಬಂದು ಸಿರಿಲ್‌ನ ಎಡಗಣ್ಣಿನ ರೆಪ್ಪೆಗೆ ಕುಟುಕಿತು.

"ಅಯ್ಯಯ್ಯೋ, ಸತ್ತೆ!"

"ಸುಮ್ನಿರೋ, ಊರೆಲ್ಲಾ ಕೇಳ್ಸತ್ತೆ! ಈ ವಿಷ್ಯ ನಮ್ಮಿಬ್ರಲ್ಲೇ ಇರ್ಲಿ. ಮೂವತ್ತೈದು ವರ್ಷ ಅಂಚೆ ಹಂಚಿದೋನು ನಾನು. ಒಬ್ರ ಕಾಗದ ಇನ್ನೊಬ್ರಿಗೆ ತೋರ್ಸಿಲ್ಲ."

ತೋರಿಸಿಲ್ಲ, ನಿಜವೇ. ಎಲ್ಲವನ್ನೂ ಓದಿ ಹೇಳುತ್ತಿದ್ದ. ಕನ್ನಡಕ ತರಲು ಮನೆಗೆ ಹೋದವನು ಹೆಂಡತಿಗೆ ಮಾತ್ರ ಹೇಳಿದ. ಆಕೆ ಬ್ರೆಡ್ ಅಂಗಡಿಯಲ್ಲಿ ಒಬ್ಬಳಿಗೆ ಮಾತ್ರ ಹೇಳಿದಳು. ಆ ಒಬ್ಬಳು ನನ್ನ ಹೆಂಡತಿ. ಒಂಬತ್ತೂವರೆಯ ಹೊತ್ತಿಗೆ ಸಿರಿಲ್‌ನ ಗುಟ್ಟು ಲಿಪ್ನಿಕ್‌ನಲ್ಲಿ ಗೊತ್ತಿಲ್ಲದೆ ಉಳಿದದ್ದು ಇಗರ್ಜಿಯ ಕಲ್ಲಿನ ಸಂತನೊಬ್ಬನಿಗೇ.

ನಮ್ಮೂರ ಜನರನ್ನು ನೀವು ಏನಾದರೂ ಅನ್ನಿ, ಕಷ್ಟದಲ್ಲಿದ್ದವನನ್ನು ನೋಡಿ ಸುಮ್ಮನೆ ಕೂರುವವರು ಮಾತ್ರ ಅಲ್ಲ. ಇಲ್ಲಿ ಬೆಂಕಿ ಆರಿಸುವವರೂ ಸಂಬಳವಿಲ್ಲದವರೇ, ಬ್ಯಾಂಡು ಊದುವವರೂ ಸಂಬಳವಿಲ್ಲದವರೇ. ಒಬ್ಬನ ಗಾಡಿ ಕೆಸರಿಗೆ ಸಿಕ್ಕಿದರೆ ಎಂಟು ಜನ ಓಡಿಬಂದು ತಳ್ಳಿ ಇನ್ನಷ್ಟು ಆಳಕ್ಕೆ ಇಳಿಸುತ್ತಾರೆ. ಅವತ್ತು ಪ್ರತಿಯೊಬ್ಬರಿಗೂ ಒಂದೇ ಯೋಚನೆ ಬಂತು: ವಿಂಕೋ ಕೊಟ್ಟ ಒಂದು ಹುಳು ಸಾಕಾದೀತೇ? ಅದು ಎಲ್ಲಾದರೂ ಮೂಲೆ ಹಿಡಿದು ಕೂತರೆ? ಪಾಪ, ಸಿರಿಲ್‌ನ ಕೆಲಸ ಹೋಗುತ್ತದಲ್ಲ. ಇನ್ನೊಂದು ಇದ್ದರೆ ಒಳ್ಳೆಯದು.

ಹಾಗಾಗಿ ಹತ್ತು ಗಂಟೆಗೆ ಜನ ಬರತೊಡಗಿದಾಗ ಸಿರಿಲ್ ಒಂದು ವಿಚಿತ್ರ ಕಂಡ. ಯಾರೂ ನೇರ ಮುಂಬಾಗಿಲಿಗೆ ಬರುತ್ತಿರಲಿಲ್ಲ. ಎಲ್ಲರೂ ಕೈ ಜೇಬಿಗಿಟ್ಟುಕೊಂಡು ಮೊದಲು ಹಿತ್ತಲಿಗೆ ಹೋಗಿ, ಅರೆಗಳಿಗೆ ಬಿಟ್ಟು, ಶೂಗೆ ಹುಲ್ಲು ಅಂಟಿಸಿಕೊಂಡು ಸಮಾಧಾನದ ಮುಖದಲ್ಲಿ ಬರುತ್ತಿದ್ದರು. 'ಥೂ, ಒಳಗೆ ಶೌಚಾಲಯ ಇದ್ದೂ ಗೋಡೆ ಹಿಂದೆ ಹೋಗ್ತಾರಲ್ಲ,' ಎಂದು ಸಿರಿಲ್ ಬೈದುಕೊಂಡ. ಇಗರ್ಜಿಯ ವಾದ್ಯ ನುಡಿಸುವ ಮುದುಕಿಯೂ ಅತ್ತ ಕಡೆಯಿಂದಲೇ ಬಂದಾಗ ಅವನಿಗೆ ಏನು ತಿಳಿಯಬೇಕೋ ತಿಳಿಯಲಿಲ್ಲ.

ನಾನೂ ಹೋಗಿದ್ದೆ. ಸುಳ್ಳು ಯಾಕೆ ಹೇಳಲಿ.

ಹತ್ತೂವರೆಗೆ ಡಾಕ್ಟರ್ ಬ್ರೆದಾ ಹುದೋಲಿನ್ ಬಂದರು. ಐವತ್ತರ ಹೆಂಗಸು, ಗಿಡ್ಡ ಕೂದಲು, ಕೈಯಲ್ಲಿ ಒಂದು ಹಸಿರು ಕಡತ. ಮಾರ್ಜೆತಾ ಓಡಿಹೋಗಿ ಕೈಕುಲುಕಿದರು. ಸಿರಿಲ್ ಬಾಗಿ ನಮಸ್ಕರಿಸಿದ. ಅವನ ಎಡಗಣ್ಣು ಅಷ್ಟು ಹೊತ್ತಿಗೆ ಬೇಯಿಸಿದ ಬೀಟ್‌ರೂಟಿನಷ್ಟು ಊದಿಕೊಂಡು ಪೂರ್ತಿ ಮುಚ್ಚಿತ್ತು.

"ಏನಾಯ್ತು ಕಣ್ಣಿಗೆ?" ಎಂದು ಡಾಕ್ಟರ್ ಕೇಳಿದರು.

"ವಿಜ್ಞಾನ, ಮೇಡಂ," ಎಂದ ಸಿರಿಲ್.

ಹಾಲ್ ತುಂಬಿತ್ತು. ಬ್ಯಾಂಡಿನವರು ಒಂದು ತುಣುಕು ಊದಿದರು. ಮಾರ್ಜೆತಾ ನಾಲ್ಕು ಮಾತಾಡಿ "ರಾಣಿ ಎಲ್ಲಿ?" ಎಂದು ಕೂಗಿದ್ದೇ ತಡ, ಮಕ್ಕಳೆಲ್ಲ ಭೂತಗನ್ನಡಿ ಹಿಡಿದು ಗಾಜಿನ ಪೆಟ್ಟಿಗೆಗೆ ಮುತ್ತಿಕೊಂಡರು. ದೊಡ್ಡವರು ಅವರ ತಲೆಯ ಮೇಲಿಂದ ಕತ್ತು ಚಾಚಿದರು.

"ಸಿಕ್ತು! ಇಲ್ಲಿ!" ಎಂದಿತು ಒಂದು ಮಗು.

ಸಿರಿಲ್‌ಗೆ ಹೋದ ಜೀವ ಬಂದ ಹಾಗಾಯಿತು. ಬಿಸ್ಕತ್ ಕೊಟ್ಟ.

"ಇಲ್ಲೂ ಒಂದು!" ಎಂದಿತು ಇನ್ನೊಂದು ಮಗು, ಬೇರೆ ಮೂಲೆಯಿಂದ.

"ಅದೇ ಮರಿ, ಓಡಾಡ್ತಾ ಇದೆ," ಎಂದ ಸಿರಿಲ್, ಬಿಸ್ಕತ್ ಕೊಡುತ್ತ.

"ಮೇಲೆ ಎರಡಿವೆ!"

"ಕೆಳಗೆ ಮೂರು!"

"ಇದು ಹಸಿರು ಚುಕ್ಕೆ!"

ಬಿಸ್ಕತ್ತಿನ ಬುಟ್ಟಿ ಬರಿದಾಗುತ್ತಿತ್ತು, ರಾಣಿಯರು ಮಾತ್ರ ಮುಗಿಯುತ್ತಿರಲಿಲ್ಲ. ಸಿರಿಲ್ ಒಂದೇ ಕಣ್ಣಿನಲ್ಲಿ ಬಗ್ಗಿ ನೋಡಿದ. ನೀಲಿ, ನೀಲಿ, ನೀಲಿ, ಹಸಿರು, ಮತ್ತೆ ನೀಲಿ. ಕಣ್ಣು ಊದಿ ಒಂದು ಹತ್ತಾಗಿ ಕಾಣುತ್ತಿದೆಯೋ ಎಂದುಕೊಂಡು ಉಜ್ಜಿ ನೋಡಿದ. ಊದಿದ ಕಣ್ಣನ್ನೇ ಉಜ್ಜಿದ್ದ. ನೋವಿಗೆ ನಕ್ಷತ್ರಗಳೂ ಕಂಡವು.

ಆಗ ಆರು ವರ್ಷದ ನೇಜಾ ಎಂಬ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇವ್ಯಾವೂ ರಾಣಿ ಅಲ್ಲ. ಎಲ್ಲಾ ಗಂಡು ಹುಳಗಳು. ಕಣ್ಣು ಎಷ್ಟ್ ದೊಡ್ಡದಿದೆ ನೋಡಿ. ಹಿಂಭಾಗ ಮೊಂಡು."

"ಶ್! ರಾಣಿನೇ ಅದು ಪುಟ್ಟಿ," ಎಂದ ಅವಳ ಅಪ್ಪ. ಅವನು ಊರಿನ ಅಗ್ನಿಶಾಮಕ ಪಡೆಯ ನಾಯಕ ಸ್ತಾನೆ.

"ಅಪ್ಪಾ, ನೀನೇ ತಾನೆ ನಂಗೆ ಹೇಳ್ಕೊಟ್ಟಿದ್ದು?"

"ಮರ್ತುಬಿಡು ಇವತ್ತೊಂದಿನ!"

ಡಾಕ್ಟರ್ ಬ್ರೆದಾ ಕನ್ನಡಕ ಏರಿಸಿಕೊಂಡು ಮುಂದೆ ಬಂದರು. ಜನ ದಾರಿ ಬಿಟ್ಟರು. ಅವರು ಗಾಜಿನ ಎರಡೂ ಬದಿ ನೋಡಿದರು, ಬೆರಳು ಮಡಚಿ ಎಣಿಸಿದರು.

"ಸಿರಿಲ್, ಒಂದು ಗೂಡಲ್ಲಿ ಎಷ್ಟು ರಾಣಿ ಇರತ್ತೆ?"

"ಒಂದು, ಮೇಡಂ."

"ಇಲ್ಲಿ ಹನ್ನೊಂದಿವೆ."

"ಹೌದು ಮೇಡಂ," ಎಂದ ಸಿರಿಲ್. "ಈ ವರ್ಷ ಮಳೆ ಚೆನ್ನಾಗಾಗಿದೆ," ಎಂದು ಸೇರಿಸಿದ.

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮುಗಿಯಿತು, ಹನ್ನೊಂದು ವರ್ಷ ಮಣ್ಣುಪಾಲಾಯಿತು, ಇನ್ನು ಜೂನ್ ಕಾಗದವೂ ಬರುವುದಿಲ್ಲ ಎಂದು ಸಿರಿಲ್‌ಗೆ ಅಳುವೇ ಬಂತು.

ಆಗ ಅತ್ತೆ ಪಾವ್ಲಾ ಗುಂಪನ್ನು ಮೊಣಕೈಯಿಂದ ಸೀಳಿಕೊಂಡು ಬಂದಳು. ಅಳಿಯನನ್ನು ಕಾಪಾಡಲು ಬಂದವಳು ಗಾಜಿನ ಕಡೆ ಒಮ್ಮೆ ನೋಡಿದ್ದೇ ತಪ್ಪಾಯಿತು.

"ಇದ್ಯಾವುದ್ರೀ ಸಣಕಲು? ಇದು ನನ್ನದಲ್ಲ! ನಾನ್ ಬಿಟ್ಟಿದ್ದು ಇದ್ರ ಎರಡರಷ್ಟಿತ್ತು," ಎಂದುಬಿಟ್ಟಳು.

"ಓಹೋ! ಸಣಕಲಂತೆ! ಅದು ನನ್ದು," ಎಂದ ವಿಂಕೋ. "ನಿಮ್ ಹುಳಕ್ಕೆ ಚುಕ್ಕೆ ಇಟ್ಟಿದ್ದೀರೋ, ಸುಣ್ಣ ಬಳಿದಿದ್ದೀರೋ? ರೆಕ್ಕೆನೇ ಅಂಟ್ಕೊಂಡಿದೆ!"

"ನೀನೂ ಬಿಟ್ಟಿದ್ಯಾ?" ಎಂದು ಸ್ತಾನೆ ನನ್ನ ಕಡೆ ತಿರುಗಿದ.

"ಹಸಿರು ಚುಕ್ಕೆ ಯಾರ್ದು ಅಂತ ಮೊದ್ಲು ಹೇಳು," ಎಂದೆ ನಾನು.

"ನನ್ ನೀಲಿ ಪೆನ್ನು ಒಣಗಿತ್ತು ಮಾರಾಯ!" ಎಂದ ಸ್ತಾನೆ.

ಒಂದೇ ಗಳಿಗೆಯಲ್ಲಿ ಹಾಲ್ ತುಂಬ ತಪ್ಪೊಪ್ಪಿಗೆಗಳು ಹೊರಬಿದ್ದವು. ಇಗರ್ಜಿಯ ವಾದ್ಯದ ಮುದುಕಿ ಎರಡು ಬಿಟ್ಟಿದ್ದಳಂತೆ. ಮಾರ್ಜೆತಾ ಅವಮಾನಕ್ಕೆ ಕೆಂಪಾಗಿ ಏನೋ ಹೇಳಲು ಹೋಗಿ, ತಮ್ಮ ಜೇಬಿನಿಂದ ಖಾಲಿ ಬೆಂಕಿಪೊಟ್ಟಣ ಕೆಳಗೆ ಬಿದ್ದದ್ದನ್ನು ಕಂಡು ಅದರ ಮೇಲೆ ಕಾಲಿಟ್ಟು ಮುಚ್ಚಿದರು.

ಸಿರಿಲ್ ಎರಡೂ ಕೈ ಜೋಡಿಸಿದ. "ಮೇಡಂ, ತಪ್ಪು ನನ್ದು. ಬೆಳಿಗ್ಗೆ ರಾಣಿ ಕಾಣ್ಲಿಲ್ಲ. ಹೆದರ್ಕೊಂಡು ಮೊದಲ ಚುಕ್ಕೆ ಇಟ್ಟೋನು ನಾನೇ. ಇವರಿಗೆಲ್ಲ ಬೈಬೇಡಿ."

ಡಾಕ್ಟರ್ ಬ್ರೆದಾ ಅವನನ್ನೇ ನೋಡಿದರು. ಆಮೇಲೆ ಗೋಡೆಗೆ ಒರಗಿ, ಕಡತವನ್ನು ಎದೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಮ್ಮಪ್ಪನ ಹತ್ರ ಮೂವತ್ತು ಪೆಟ್ಗೆ ಇತ್ತು ಕಣಪ್ಪಾ," ಎಂದರು ಕೊನೆಗೆ. "ನೋಡಿದ್ ತಕ್ಷಣ ಗೊತ್ತಾಯ್ತು ನಂಗೆ, ಇವೆಲ್ಲಾ ಗಂಡು ಹುಳ ಅಂತ. ಈಗ ಯಾರೂ ಮನೆಗೆ ಹೋಗ್ಬೇಡಿ. ನಿಜವಾದ ರಾಣಿ ಎಲ್ಲಿ, ಹುಡುಕಿ. ನೇಜಾ, ಬಾ ಮರಿ, ಈ ದೊಡ್ಡೋರಿಗೆ ಹೇಳ್ಕೊಡು. ಗಂಡು ಹುಳಕ್ಕೂ ರಾಣಿಗೂ ಏನು ವ್ಯತ್ಯಾಸ?"

ಅಲ್ಲಿಂದ ಮುಂದೆ ನಡೆದದ್ದನ್ನು ಲಿಪ್ನಿಕ್ ಹಿಂದೆಂದೂ ಕಂಡಿರಲಿಲ್ಲ. ನೇಜಾ ಸ್ಟೂಲಿನ ಮೇಲೆ ನಿಂತು ಪಾಠ ಮಾಡಿದಳು. ಅವಳು ಬಿಟ್ಟದ್ದನ್ನು ವಿಂಕೋ ಸೇರಿಸಿದ, ವಿಂಕೋ ತಪ್ಪು ಹೇಳಿದ್ದನ್ನು ಪಾವ್ಲಾ ತಿದ್ದಿದಳು, ಪಾವ್ಲಾ ತಿದ್ದಿದ್ದನ್ನು ಡಾಕ್ಟರ್ ತಿದ್ದಿದರು. ಎರಡು ವರ್ಷದಿಂದ ಬೇಲಿ ಜಗಳದಲ್ಲಿ ಮಾತುಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಭೂತಗನ್ನಡಿಯಲ್ಲಿ ತಲೆ ತೂರಿಸಿಕೊಂಡು, "ಅಲ್ಲಿ ನೋಡೋ, ಅಲ್ಲಿ," ಎನ್ನುತ್ತಿದ್ದರು. ರಾಣಿಯನ್ನು ಕಂಡುಹಿಡಿದವಳೂ ನೇಜಾನೇ. ಎರಿಯ ಕೆಳತುದಿಯಲ್ಲಿ, ಉದ್ದ ಹೊಟ್ಟೆಯ ಆಕೆ ಒಂದೊಂದೇ ಕೋಣೆಗೆ ಹೊಟ್ಟೆ ಇಳಿಸಿ ಮೊಟ್ಟೆ ಇಡುತ್ತಿದ್ದಳು. ಬೆನ್ನ ಮೇಲೆ ಚುಕ್ಕೆ ಇರಲಿಲ್ಲ. ಸೇವೆ ಮಾಡುವ ಹುಳುಗಳು ನೆಕ್ಕಿ ಕಚ್ಚಿ ಬಣ್ಣವನ್ನು ಕಿತ್ತುಹಾಕಿದ್ದವು, ಅಷ್ಟೇ.

"ಅಂದ್ರೆ ಬೆಳಿಗ್ಗೆನೂ ಇಲ್ಲೇ ಇದ್ಲಾ?" ಎಂದ ಸಿರಿಲ್.

"ನಿನ್ ಕಣ್ಮುಂದೇನೇ," ಎಂದಳು ಅತ್ತೆ.

ಆದರೆ ಆಶ್ಚರ್ಯ, ಸಿರಿಲ್ ಗಾಜಿನಿಂದ ಹಿಂದೆ ಸರಿಯಲಿಲ್ಲ. ಒಂದೇ ಕಣ್ಣಿನಲ್ಲಿ ಆ ರಾಣಿಯನ್ನು ಎಷ್ಟೋ ಹೊತ್ತು ನೋಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಚುಕ್ಕೆಯನ್ನಲ್ಲ, ಹುಳುವನ್ನು ನೋಡುತ್ತಿದ್ದ. ಅವನಿಗೆ ನಿಜಕ್ಕೂ ಸಂತೋಷವಾಗಿತ್ತು. ಆಮೇಲೆ ಡಾಕ್ಟರ್ ಕೇಳಿದರೆಂದು ಚಿತ್ರದ ಹಲಗೆಗಳ ಕತೆ ಶುರುಮಾಡಿದ. ದೆವ್ವ ನಾಲಿಗೆ ಸಾಣೆ ಹಿಡಿಯುವ ಹಲಗೆಯ ಮುಂದೆ ನಿಂತು ಎಲ್ಲರೂ ವಿಂಕೋನನ್ನು ನೋಡಿ ಬಿದ್ದು ಬಿದ್ದು ನಕ್ಕರು.

ಮಧ್ಯಾಹ್ನ ಮನೆಮನೆಗಳಿಂದ ಅಕ್ರೋಟದ ಸುರುಳಿ ರೊಟ್ಟಿ ಬಂತು, ಜೇನು ಹಾಕಿದ ಚಹಾ ಬಂತು. ನಾಲ್ಕು ಗಂಟೆಯಾದರೂ ಒಬ್ಬರೂ ಎದ್ದುಹೋಗಲಿಲ್ಲ. ಡಾಕ್ಟರ್ ಬ್ರೆದಾ ಕಡತದಲ್ಲಿ ಬರೆಯುತ್ತಲೇ ಇದ್ದರು.

"ಹತ್ತೊಂಬತ್ತು ವರ್ಷದಿಂದ ಮ್ಯೂಸಿಯಂ ನೋಡ್ತಿದೀನಿ ಸಿರಿಲ್," ಎಂದರು, ರೊಟ್ಟಿ ಮೆಲ್ಲುತ್ತ. "ಎಲ್ಲಾ ಕಡೆ ಜನ ಬರ್ತಾರೆ, ನೋಡ್ತಾರೆ, ಹೋಗ್ತಾರೆ. ಊರಿಗೆ ಊರೇ ಪಾಠ ಮಾಡೋ ಮ್ಯೂಸಿಯಂ ಇದೊಂದೇ. ಇದಕ್ಕೆ ನಾನು ಏನಾದ್ರೂ ಮಾಡ್ಲೇಬೇಕು."

ಸಿರಿಲ್‌ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಾರ್ಜೆತಾ ದೂರದಿಂದಲೇ ಅವನಿಗೆ ಹೆಬ್ಬೆರಳು ಎತ್ತಿ ತೋರಿಸಿದರು.

ಡಾಕ್ಟರ್ ಕಡತದಿಂದ ಉದ್ದನೆಯ ಹಾಳೆಗಳ ಒಂದು ಕಟ್ಟು ತೆಗೆದರು. "ಆದ್ರೆ ನನ್ ಮಾತೊಂದೇ ಸಾಲದು. ಈ ಮ್ಯೂಸಿಯಂ ಮೇಲೆ ಪ್ರೀತಿ ಇರೋರೆಲ್ಲ ಇದನ್ನ ತುಂಬಿ ಸಹಿ ಹಾಕ್ಲಿ. ಕಡಿಮೆ ಅಂದ್ರೂ ನೂರು ಸಹಿ ಬೇಕು. ಇವತ್ತೇ ಆದ್ರೆ ಐದು ಗಂಟೆಗೆ ನಾನು ಇಲ್ಲೇ ತೀರ್ಮಾನ ಹೇಳ್ತೀನಿ."

ಸಿರಿಲ್‌ಗೆ ಅಷ್ಟು ಸಾಕಾಯಿತು. ಹಾಳೆ ಕಸಿದುಕೊಂಡವನೇ ಮೊದಲ ಸಾಲಿನಲ್ಲಿ ಗೀಚಿ ತನ್ನ ಸಹಿ ಹಾಕಿದ. ಆಮೇಲೆ ಮನೆಗೆ ನೆಂಟರು ಬಂದವನ ಹಾಗೆ ಹಾಲ್ ತುಂಬ ಓಡಾಡಿದ.

"ವಿಂಕೋಮಾವ, ಹಾಕು ಸಹಿ."

"ತಡಿಯೋ, ಓದ್ತೀನಿ. ಇದ್ರಲ್ಲಿ ಏನೋ ತುಂಬೋಕೂ ಇದೆ..."

"ಓದೋದೇನಿದೆ? ನನ್ ಮೇಲೆ ಪ್ರೀತಿ ಇದ್ಯೋ ಇಲ್ವೋ?"

"ಇದೆ ಕಣೋ. ಈಗಂತೂ ಇನ್ನೂ ಇದೆ." ವಿಂಕೋ ಕನ್ನಡಕ ಹಾಕಿಕೊಂಡು ಓದಿ, ಸಿರಿಲ್‌ನ ಬೆನ್ನು ತಟ್ಟಿ, ತುಂಬಿ ಸಹಿ ಹಾಕಿದ. "ದೊಡ್ಡ ಮನಸ್ಸು ನಿಂದು," ಎಂದ. ಸಿರಿಲ್ ಯಾಕೆ ಎಂದು ಕೇಳಲಿಲ್ಲ. ಅವನಾಗಲೇ ಮುಂದಿನ ಬೆಂಚಿನಲ್ಲಿದ್ದ.

ನಾವೆಲ್ಲರೂ ಓದಿಯೇ ತುಂಬಿದೆವು. ಅವನೂ ಓದಿದ್ದಾನೆಂದೇ ನಮ್ಮ ನಂಬಿಕೆ. ಮೇಲಿನ ಸಹಿ ಅವನದೇ ಇತ್ತಲ್ಲ! ಒಂದಿಬ್ಬರು ಹಿಂದೆಮುಂದೆ ನೋಡಿದಾಗ ಸಿರಿಲ್ ಕೈಹಿಡಿದು, ಕಾಲು ಹಿಡಿಯುವುದೊಂದು ಬಾಕಿ, ಅಂಗಲಾಚಿದ. ಅತ್ತೆ ಪಾವ್ಲಾ ಹಾಳೆಯನ್ನು ಎರಡು ಸಲ ಓದಿ ಅಳಿಯನ ಮುಖ ನೋಡಿದಳು.

"ಯೋಚ್ನೆ ಮಾಡಿ ತಾನೇ ಹಾಕಿದ್ದು ನೀನು?"

"ಹನ್ನೊಂದು ವರ್ಷ ಯೋಚ್ನೆ ಮಾಡಿದೀನಿ ಅತ್ತೆ!"

ಆಕೆ ಕಣ್ಣೊರೆಸಿಕೊಂಡು ಸಹಿ ಹಾಕಿದಳು. ಅಳಿಯನ ಬಗ್ಗೆ ಆಕೆ ಕಣ್ಣೊರೆಸಿಕೊಂಡದ್ದನ್ನು ನಾವ್ಯಾರೂ ಅದುವರೆಗೆ ನೋಡಿರಲಿಲ್ಲ.

ಐದಕ್ಕೆ ಐದು ನಿಮಿಷ ಇದ್ದಾಗ ನೂರಾ ನಲವತ್ತಮೂರು ಸಹಿಗಳಾಗಿದ್ದವು. ಸಿರಿಲ್ ಬೆವರು ಒರೆಸಿಕೊಂಡು ಹಾಳೆಗಳನ್ನು ಡಾಕ್ಟರ ಕೈಗಿಟ್ಟ. ಅವರು ಅದನ್ನು ತಿರುವಿ ಹಾಕಿ, ಬೆಂಚಿನ ಮೇಲೆ ಹತ್ತಿ ನಿಂತರು.

"ಲಿಪ್ನಿಕ್ ಜನರೇ! ಸಂಬಳದ ಸಿಬ್ಬಂದಿಯೇ ಇಲ್ದೆ, ಊರಿನವರೇ ಸರದಿ ಮೇಲೆ ನಡೆಸೋ ಮ್ಯೂಸಿಯಂ ಮಾಡ್ಬೇಕು ಅಂತ ಮೂರು ವರ್ಷದಿಂದ ನಾನು ಊರೂರು ಅಲೆದೆ. ನಲವತ್ತು ಊರಲ್ಲಿ ಎಲ್ಲೂ ಹತ್ತು ಜನ ಸಿಗ್ಲಿಲ್ಲ. ನೀವು ನೂರಾ ನಲವತ್ತಮೂರು ಜನ ಸ್ವಯಂಸೇವಕರಾಗಿ ಸಹಿ ಹಾಕಿದೀರಿ! ಜೂನ್ ಒಂದರಿಂದ ಈ ಮ್ಯೂಸಿಯಂ ನಿಮ್ದು. ಇದಕ್ಕೆಲ್ಲ ಕಾರಣ ಒಬ್ಬರು. ತಮ್ಮ ಕೆಲ್ಸಾನೇ ಊರಿಗೆ ಬಿಟ್ಕೊಟ್ಟು ಮೊದಲನೇ ಸಹಿ ಹಾಕಿದೋರು. ಸಿರಿಲ್ ಪೊತೋಕರ್ ಅವರಿಗೆ ಚಪ್ಪಾಳೆ!"

ಸೂರು ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಬ್ಯಾಂಡು ಶುರುವಾಯಿತು. ಸ್ತಾನೆ ಮತ್ತು ಅವನ ಪಡೆಯವರು ಸಿರಿಲ್‌ನನ್ನು ಹೆಗಲ ಮೇಲೆತ್ತಿಕೊಂಡರು. ಮೇಲಿದ್ದ ಸಿರಿಲ್ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಏನು ಹೇಳುತ್ತಿದ್ದಾನೋ ವಾದ್ಯದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಕೆಳಗಿಳಿಸಿದ ಮೇಲೆ ಅವನು ತಡವರಿಸಿಕೊಂಡು ಡಾಕ್ಟರ ಹತ್ತಿರ ಹೋದ. "ಮೇಡಂ... ನನ್ ಕೆಲ್ಸ...?"

"ಚಿಂತೆ ಬಿಡಿ ಸಿರಿಲ್. ನಿಮ್ ಕೆಲ್ಸ ಒಂಚೂರೂ ನಿಲ್ಲಲ್ಲ. ಪ್ರತಿ ದಿನಕ್ಕೂ ಇಪ್ಪತ್ತರ ಮೇಲೆ ಜನ ಇದಾರೆ."

"ಕೀಲಿಕೈ ನಂಗೆ ಕೊಡು, ನಾಳೆಯಿಂದ್ಲೇ ಕಲೀತೀನಿ," ಎಂದ ವಿಂಕೋ. "ನೀನೇನೂ ಯೋಚ್ನೆ ಮಾಡ್ಬೇಡ. ನಿನ್ನ ಬೆನ್ನಿಗೆ ನಾವಿದೀವಿ."

ಸಿರಿಲ್ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಕೊಟ್ಟ. ಹನ್ನೊಂದು ವರ್ಷ ಅಲ್ಲಿ ನೇತಾಡಿದ್ದರಿಂದ ಆ ಜಾಗದ ಬಟ್ಟೆ ಬಣ್ಣ ಹೋಗಿತ್ತು. ಆಮೇಲೆ ಹಾಳೆಯ ಕಡೆ ಕೈಚಾಚಿ ಕೇಳಿದ:

"ಅದ್ರಲ್ಲಿ ನಂಗ್ಯಾವ ದಿನ?"

ಡಾಕ್ಟರ್ ಮೊದಲ ಸಾಲು ನೋಡಿದರು. ಉಳಿದವರೆಲ್ಲ ತಮಗೆ ಬೇಕಾದ ದಿನ ತುಂಬಿದ್ದರು. ಸಿರಿಲ್ ಆತುರದಲ್ಲಿ ಸಹಿ ಮಾತ್ರ ಹಾಕಿ ಆ ಜಾಗ ಖಾಲಿ ಬಿಟ್ಟಿದ್ದ. ಮಂಗಳವಾರದಿಂದ ಭಾನುವಾರದವರೆಗೆ ಎಲ್ಲ ಭರ್ತಿಯಾಗಿದ್ದವು.

"ಸೋಮವಾರ ಒಂದು ಉಳಿದಿದೆ," ಎಂದು ಅವರು ಬರೆದುಕೊಂಡರು.

ಸೋಮವಾರ ನಮ್ಮ ಮ್ಯೂಸಿಯಂಗೆ ರಜೆ.